ಕಾಲರಿಗೆ ಸಿಕ್ಕಿಸಿದ ಮೈಕು

ವಿದೇಶಕ್ಕೆ ಹೋಗಿ ಕಲಿತು ಬರಲು ಫುಟ್‌ಬಾಲ್ ಸಂಸ್ಥೆ ಆರಿಸಿದ ಹನ್ನೆರಡು ಕೋಚ್‌ಗಳಲ್ಲಿ ತಾನೂ ಒಬ್ಬನೆಂದು ತಿಳಿಸುವ ಪತ್ರ ಬಂದ ದಿನ ನಮ್ಮ ಕೋಚ್ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದ. ಎರಡು ಸಲ ಹೆಂಡತಿಗಾಗಿ. ಮೂರನೆಯ ಸಲ ಒಳಕೋಣೆಯ ಮುಚ್ಚಿದ ಬಾಗಿಲಿಗಾಗಿ. ಬಾಗಿಲು ತೆರೆಯಲಿಲ್ಲ.

ಬಾಗಿಲ ಹಿಂದೆ ಮಗಳಿದ್ದಳು. ಈಗ ಹತ್ತೊಂಬತ್ತು. ಎಂಟನೆಯ ವಯಸ್ಸಿನಿಂದ ಹದಿನಾರರವರೆಗೆ ಅಪ್ಪನ ತಂಡದಲ್ಲೇ ಆಡಿದವಳು. ಚೆಂಡು ಕಾಲಿಗೆ ಸಿಕ್ಕರೆ ನಿಂತಲ್ಲೇ ಗಿರ್ರನೆ ತಿರುಗುತ್ತಾಳೆಂದು ಅಪ್ಪನೇ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದ. ಮೈದಾನದಲ್ಲಿ ಮಾತ್ರ ಅವಳು ಅಪ್ಪ ಅನ್ನಕೂಡದು, ಸರ್ ಅನ್ನಬೇಕು; ಇಲ್ಲದಿದ್ದರೆ ಬೇರೆ ಮಕ್ಕಳ ಅಪ್ಪ ಅಮ್ಮ ಏನಂದುಕೊಂಡಾರು? ಮೂರು ವರ್ಷದ ಹಿಂದೆ ಒಂದು ಪಂದ್ಯದ ನಡುವೆ ಬುಗುರಿ ಬೂಟು ಬಿಚ್ಚಿ ಮೈದಾನದ ಅಂಚಿನ ಗೆರೆಯ ಮೇಲಿಟ್ಟು ಬರಿಗಾಲಲ್ಲಿ ಮನೆಗೆ ನಡೆದುಬಿಟ್ಟಳು. ಯಾಕೆಂದು ಹೇಳಲಿಲ್ಲ. ಅಂದಿನಿಂದ ಅಪ್ಪನ ಜೊತೆ ಮಾತಿಲ್ಲ. ಹೇಳಲೇಬೇಕಾದ್ದಿದ್ದರೆ ಅಮ್ಮನ ಮೂಲಕ. "ಅಮ್ಮ, ಊಟ ಆರ್ತಾ ಇದೆ ಅಂತ ಸರ್‌ಗೆ ಹೇಳು."

ಆ "ಸರ್" ಕಿವಿಗೆ ಬಿದ್ದಾಗಲೆಲ್ಲ ಕೋಚ್ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸುತ್ತಿದ್ದ. ಆದರೆ ಹಟದಲ್ಲಿ ಅವನೇನು ಮಗಳಿಗೆ ಕಡಿಮೆಯೇ? ಮೊದಲು ಅವಳೇ ಬಾಯಿಬಿಡಲಿ ಎಂದು ಕಾದ. ಮೂರು ವರ್ಷ ಕಾದ. ಅಪ್ಪ ವಿಮಾನ ಹತ್ತುತ್ತಾನೆಂದರೆ ಒಂದು ಮಾತಾದರೂ ಆಡಿಯಾಳು ಎಂದುಕೊಂಡಿದ್ದ. ಅವಳು ಆಡಲಿಲ್ಲ. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟ.

ಅಲ್ಲಿ ಅವನಿಗೆ ಸಿಕ್ಕಿದ್ದು ನಾಲ್ಕನೆಯ ಮಹಡಿಯ ಕೋಣೆ. ಒಂದು ಮಂಚ, ಒಂದು ಕುರ್ಚಿ, ನೀರು ಕಾಯಿಸುವ ಕೆಟಲ್, ತೆರೆಯಲು ಬಾರದ ಕಿಟಕಿ. ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗ. ಉಳಿದ ಕೋಚ್‌ಗಳು ತಿಂಡಿಯ ಹೊತ್ತಿಗೆ ಇಬ್ಬರು ಮೂವರು ಒಂದಾಗಿ ತಮ್ಮ ತಮ್ಮ ಭಾಷೆಯಲ್ಲಿ ಹರಟುತ್ತಿದ್ದರು. ಇವನ ಭಾಷೆಯವರು ಒಬ್ಬರೂ ಇರಲಿಲ್ಲ. ಮೈದಾನದಲ್ಲಿ ನಿಂತರೆ ಎರಡು ಬೀದಿಗೆ ಕೇಳುವಂತೆ ಕೂಗುವ ಮನುಷ್ಯ ಇಲ್ಲಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದೂ ಹರಕುಮುರುಕು ಇಂಗ್ಲಿಷಿನಲ್ಲಿ, ಅದರಲ್ಲೂ ಅರ್ಧ ಥ್ಯಾಂಕ್ಯೂ. ಐದನೆಯ ದಿನ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಾ "ಏನಪ್ಪಾ, ಹೇಗಿದ್ದೀಯ?" ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಕೊಡಲು ನಾಚಿಕೆಯಾಗಿ ಮುಖ ತೊಳೆದುಕೊಂಡ.

ಆರನೆಯ ದಿನ ಪ್ರತಿಯೊಬ್ಬ ಕೋಚೂ ಅಲ್ಲಿನ ಹುಡುಗಿಯರಿಗೆ ಅರ್ಧ ಗಂಟೆ ಆಟ ಕಲಿಸಬೇಕಿತ್ತು. ಆಡಿದ ಮಾತೆಲ್ಲ ದಾಖಲಾಗಲೆಂದು ಬೋಧಕಿ ಅವನ ಕಾಲರಿಗೆ ಒಂದು ಪುಟ್ಟ ಮೈಕು ಸಿಕ್ಕಿಸಿದಳು. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೆ ಮಾತು ಖಡಕ್ಕು. "ನಿಮ್ಮ ಭಾಷೇಲೇ ಮಾತಾಡಿ. ಆಟ ಹೇಗೂ ಮಕ್ಕಳಿಗೆ ಗೊತ್ತು," ಅಂದಳು.

ಸಾಕಲ್ಲ! ಆರು ದಿನ ಹೊಲಿದಿಟ್ಟಿದ್ದ ಬಾಯಿ ಬಿಚ್ಚಿಕೊಂಡಿತು. ಗೆರೆಯ ಉದ್ದಕ್ಕೂ ಓಡಾಡಿ, ಕೈ ಬೀಸಿ, ಗಂಟಲು ಬೀಳುವವರೆಗೆ ಕೂಗಿದ. ಹುಡುಗಿಯರು ಒಂದಕ್ಷರವೂ ತಿಳಿಯದೆ ಚೆನ್ನಾಗಿಯೇ ಆಡಿದರು. ಎಡಗಾಲಿನಲ್ಲಿ ಆಡುವ ಒಬ್ಬಳಂತೂ ಇವನು ಕೂಗಿದಾಗಲೆಲ್ಲ ತಿರುಗಿ ನಗುತ್ತಿದ್ದಳು. ಅಂದು ಅವನಿಗೆ ಊಟ ರುಚಿಸಿತು.

ಧ್ವನಿಮುದ್ರಿಕೆ ಕೇಳಿ, ಆಡಿದ ಒಂದೊಂದು ಮಾತೂ ಸೂಚನೆಯೋ ಮೆಚ್ಚುಗೆಯೋ ಬೈಗುಳವೋ ಎಂದು ಹಾಳೆಯಲ್ಲಿ ಗುರುತು ಹಾಕುವುದು ಅಂದಿನ ಮನೆಗೆಲಸ. ಎಡವಿದ್ದು ಇಲ್ಲೇ. "ಇಪ್ಪತ್ತೆರಡು ವರ್ಷದಿಂದ ಕೂಗ್ತಾ ಇದ್ದೀನಿ, ನನ್ನ ದನಿ ನಾನೇ ಕೂತು ಕೇಳ್ಬೇಕಾ?" ಎಂದು ಗೊಣಗಿ, ಏನನ್ನೂ ಕೇಳದೆ ಅಂದಾಜಿನ ಮೇಲೆ ತುಂಬಿಸಿದ. ಮೆಚ್ಚುಗೆ ಮೂವತ್ತೊಂದು. ಬೈಗುಳ ಎರಡು, ನಂಬುವ ಹಾಗಿರಬೇಕಲ್ಲ ಎಂದು.

ಮರುದಿನ ಬೆಳಿಗ್ಗೆ ಬೋಧಕಿ ಆ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಇಷ್ಟೊಂದು ಮೆಚ್ಚುಗೆ ಬೇರೆ ಯಾರ ಹಾಳೆಯಲ್ಲೂ ಇರಲಿಲ್ಲವಂತೆ. ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ಅಷ್ಟು ದಿನ ಮಾತಾಡಿಸದವರೂ ಬೆನ್ನು ತಟ್ಟಿದರು. ಆ ಚಪ್ಪಾಳೆಯ ನಡುವೆ ಕೂತಾಗ ಆದಷ್ಟು ಒಂಟಿತನ ಅವನಿಗೆ ಆ ಕೋಣೆಯಲ್ಲೂ ಆಗಿರಲಿಲ್ಲ.

"ಇವರ ಮೆಚ್ಚುಗೆ ಹೇಗಿರುತ್ತೆ ಅಂತ ಎರಡು ನಿಮಿಷ ಕೇಳೋಣ," ಎಂದು ಬೋಧಕಿ ಗುಂಡಿ ಒತ್ತಿದಳು.

"ಕಣ್ಣು ಎಲ್ಲಿಟ್ಟಿದ್ದೀಯೇ! ಕಂಬದ ಥರ ನಿಂತ್ಕೋಬೇಡ, ಓಡು! ಬುಗುರೀ, ಇಷ್ಟೂ ಆಗಲ್ವಾ ನಿನ್ನ ಕೈಲಿ? ಥೂ! ಬುಗುರೀ!"

ಅಲ್ಲಿದ್ದವರಿಗೆ ಭಾಷೆ ಬರುತ್ತಿರಲಿಲ್ಲ ನಿಜ. ಆದರೆ ಬೈಗುಳ ತಿಳಿಯಲು ಭಾಷೆ ಯಾಕೆ ಬೇಕು? ಒಬ್ಬೊಬ್ಬರೇ ತಲೆ ತಗ್ಗಿಸಿ ತಮ್ಮ ಹಾಳೆ ನೋಡತೊಡಗಿದರು. ಬೋಧಕಿ ಯಂತ್ರ ನಿಲ್ಲಿಸಿ ಮೆಲ್ಲಗೆ ಕೇಳಿದಳು: "ಒಂದು ಪದ ಮತ್ತೆ ಮತ್ತೆ ಬರ್ತಿದೆ. ಬುಗುರಿ. ಶಹಬ್ಬಾಸ್ ಅನ್ನೋಕೆ ಹಾಗಂತೀರಾ?"

ಹೌದು ಅಂದಿದ್ದರೆ ಮಾನ ಉಳಿಯುತ್ತಿತ್ತು. ಪರೀಕ್ಷಿಸುವವರು ಯಾರಿದ್ದರು?

"ಅಲ್ಲ," ಅಂದ ಕೋಚ್. "ನನ್ನ ಮಗಳು."

ಮಧ್ಯಾಹ್ನ ಉಳಿದವರೆಲ್ಲ ದೊಡ್ಡ ಕ್ರೀಡಾಂಗಣ ನೋಡಲು ಬಸ್ಸು ಹತ್ತಿದರು. ಅವನು ಹೋಗಲಿಲ್ಲ. ಕೋಣೆಯಲ್ಲಿ ಕೂತು ಅರ್ಧ ಗಂಟೆಯನ್ನೂ ಕೇಳಿ ಹೊಸ ಹಾಳೆ ತುಂಬಿದ. ಬೈಗುಳ ಎಪ್ಪತ್ತಾರು. ಮೆಚ್ಚುಗೆ ಒಂದು: "ಹೂಂ, ಪರವಾಗಿಲ್ಲ." ಅದನ್ನು ಮೆಚ್ಚುಗೆ ಅನ್ನಬಹುದೋ ಇಲ್ಲವೋ ಎಂದು ಬಹಳ ಹೊತ್ತು ಯೋಚಿಸಿದ. ಆ ಎಡಗಾಲಿನ ಹುಡುಗಿಯನ್ನು ಬುಗುರಿ ಎಂದು ಕರೆದದ್ದು ಹದಿನೆಂಟು ಸಲ. ಕರೆದದ್ದೇ ಅವನಿಗೆ ನೆನಪಿರಲಿಲ್ಲ. ಪೆನ್ನು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಮನೆಗೆ ಫೋನ್ ಮಾಡಿದ.

"ಏನ್ರೀ, ಈ ಹೊತ್ತಲ್ಲಿ? ಹುಷಾರಾಗಿದ್ದೀರಾ?" ಅಂದಳು ಹೆಂಡತಿ.

"ಅವಳಿಗೆ ಕೊಡು."

"ಯಾರಿಗೆ?"

"ಅವಳಿಗೇ ಕಣೇ. ಮಾತಾಡೋದು ಬೇಡ, ಕೇಳಿಸ್ಕೊಂಡ್ರೆ ಸಾಕು ಅಂತ ಹೇಳು."

ಹೆಜ್ಜೆ ಸದ್ದು, ಬಾಗಿಲು ಬಡಿದ ಸದ್ದು, ಗುಸುಗುಸು. ಆಮೇಲೆ ಉಸಿರಾಟ ಮಾತ್ರ ಕೇಳಿಸಿತು. ಅದು ಹೆಂಡತಿಯದಲ್ಲ ಎಂದು ಅವನಿಗೆ ಗೊತ್ತಾಯಿತು.

"ಇವತ್ತು ಅರ್ಧ ಗಂಟೆ ಕೂತು ನನ್ನ ದನಿ ಕೇಳ್ದೆ," ಅಂದ. "ನಿನ್ನೆ ಇಲ್ಲಿನ ಹುಡುಗಿ ಒಬ್ಬಳಿಗೆ ನಿನ್ನ ಹೆಸರು ಹಿಡಿದು ಬೈದಿದ್ದೀನಿ. ಹದಿನೆಂಟು ಸಲ. ನನಗೆ ಅರ್ಧ ಗಂಟೆ ಕೇಳೋಕಾಗ್ಲಿಲ್ಲ. ನೀನು ಎಂಟು ವರ್ಷ ಹೇಗೆ ತಡ್ಕೊಂಡೆ?"

ಫೋನ್ ಕಟ್ಟಾಯಿತೇನೋ ಎಂದು ಅವನು ಎರಡು ಸಲ ಪರದೆ ನೋಡಿಕೊಂಡ.

"ಹತ್ತಿ ಇಟ್ಕೋತಿದ್ದೆ," ಅಂದಳು ಮಗಳು.

"ಏನು?"

"ಕಿವಿಗೆ. ಮೇಲೆ ಕೂದಲಿರ್ತಿತ್ತಲ್ಲ, ಕಾಣ್ತಿರಲಿಲ್ಲ. ಆ ದಿನ ಓಡೋವಾಗ ಒಂದು ಕಡೇದು ಬಿದ್ದುಹೋಯ್ತು."

ಕೋಚ್ ಕೇಳಿದ: "ಆ ದಿನ ನಾನೇನಂದೆ?"

"ನನಗೇನೂ ಅನ್ಲಿಲ್ಲ. ಪಕ್ಕದಲ್ಲಿ ನಿಂತಿದ್ದವರ ಹತ್ರ ಅಂದ್ರಿ. ಇವಳನ್ನ ಮಗಳು ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗುತ್ತೆ ಅಂತ."

ಅವನಿಗೆ ನೆನಪಿರಲಿಲ್ಲ. ಎರಡು ದಿನದ ಹಿಂದಾಗಿದ್ದರೆ ಆಣೆ ಪ್ರಮಾಣ ಮಾಡಿ, ನಾನು ಹಾಗಂದೇ ಇಲ್ಲ ಎಂದು ಕೂಗಾಡುತ್ತಿದ್ದ.

"ಅಂದಿರ್ತೀನಿ," ಅಂದ. "ತಪ್ಪಾಯ್ತು ಕಣಮ್ಮ."

ಹೋಗಲಿ ಬಿಡಿ ಎಂದು ಅವಳು ಹೇಳಲಿಲ್ಲ. ಬದಲಿಗೆ ಕೇಳಿದಳು: "ಆ ಹುಡುಗಿ ಏನ್ ಮಾಡಿದ್ಲು, ನೀವು ಬೈದಾಗ?"

"ನಗ್ತಿದ್ಲು. ಅವಳಿಗೆ ಒಂದಕ್ಷರಾನೂ ಅರ್ಥ ಆಗ್ಲಿಲ್ಲ."

"ಪುಣ್ಯವಂತೆ," ಅಂದಳು ಮಗಳು. ಫೋನ್ ಮಾತ್ರ ಇಡಲಿಲ್ಲ.