ಸೋಪಿನ ವಾಸನೆ

“ತಲೆ ಕಡೆ ಎತ್ತಿ, ತಲೆ ಕಡೆ! ಗೋಡೆಗೆ ತಾಗ್ತಿದೆ,” ಎಂದು ಸೋದರಮಾವ ಮೆಟ್ಟಿಲ ಕೆಳಗಿನಿಂದ ಕೂಗಿದ.

ಹೊತ್ತವರು ನಿಂತರು. ತಿರುವು ಇಕ್ಕಟ್ಟು, ಶವದ ಪೆಟ್ಟಿಗೆ ಅತ್ತ ಹೋಗದು, ಇತ್ತ ಬಾರದು. ಮೇಲಿನ ಮೆಟ್ಟಿಲಲ್ಲಿದ್ದ ಮಗಳು ಅಮ್ಮನ ಪಾದದ ಕಡೆಯ ಹಲಗೆಗೆ ಕೈ ಕೊಟ್ಟಳು. ಭಾರವೇ ಇರಲಿಲ್ಲ. ರಕ್ತಭೇದಿ ಹತ್ತಿ ಮೈಯ ನೀರೆಲ್ಲ ಹರಿದುಹೋಗಿ, ಕೊನೆಗೆ ಅಮ್ಮನಲ್ಲಿ ಉಳಿದದ್ದು ಎಲುಬು ಮತ್ತು ಹಟ, ಎರಡೇ.

“ಇದ್ದಾಗಲೂ ಹೀಗೇ ಕಣ್ರೀ,” ಎಂದ ಮಾವ, ಬೆವರು ಒರೆಸಿಕೊಳ್ಳುತ್ತ. “ನಮ್ಮಕ್ಕನ್ನ ಮನೆಯಿಂದ ಹೊರಡಿಸೋದು ಯಾರಪ್ಪನ ಕೈಲೂ ಆಗ್ತಿರ್ಲಿಲ್ಲ. ಎಷ್ಟು ಬಸ್ಸು ತಪ್ಪಿಸಿದಾಳೆ ನನಗೆ!”

ಯಾರೋ ನಕ್ಕರು. ನಕ್ಕದ್ದಕ್ಕೆ ತಾವೇ ನಾಚಿಕೊಂಡರು. ಪೆಟ್ಟಿಗೆ ಹೇಗೋ ಒಂದು ಮಗ್ಗುಲಾಗಿ ತಿರುವು ದಾಟಿ ಬೆಳಕಿಗೆ ಬಂತು.

ಹಿತ್ತಿಲ ಗೋಡೆಯ ಮೇಲೆ ಮಂಗಗಳು ಆಗಲೇ ಕೂತಿದ್ದವು. ಗಂಡು, ಹೆಣ್ಣು, ಎದೆಗೆ ಅಂಟಿಕೊಂಡ ಮರಿಗಳು. ಗೋಡೆಯ ಆಚೆ ಅರೆಬರೆ ಕಡಿದ ಕಾಡು. ಈಚೆ ಸಾಲುಮನೆಗಳ ಬಚ್ಚಲು ಮೋರಿ. ಪೆಟ್ಟಿಗೆ ಮುಂದೆ ಸಾಗಿದಂತೆ ಮಂಗಗಳೂ ಗೋಡೆಯ ಮೇಲೆ ಹಿಂದೆ ಹಿಂದೆಯೇ ನಡೆದುಬಂದವು. ಗೋಡೆ ಮುಗಿದಲ್ಲಿ ನಿಂತವು.

“ಮೂಕ ಪ್ರಾಣಿಗಳಿಗೂ ಗೊತ್ತಾಗಿದೆ ನೋಡೇ,” ಎಂದು ಪಕ್ಕದ ಮನೆಯ ಟೈಲರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕಳಿಸಿಕೊಡೋಕೆ ಬಂದಿದಾವೆ.”

ಮಗಳಿಗೆ ಗೊತ್ತಿತ್ತು. ಅಮ್ಮ ಅವುಗಳ ಊಟದ ಬಕೀಟು ಹಿಡಿದು ಬರುತ್ತಿದ್ದ ಹೊತ್ತು ಅದು. ಅವು ಬಂದದ್ದು ಅದಕ್ಕೆ. ಅವುಗಳ ಹಿಂಬದಿಯ ರೋಮ ಒದ್ದೆಯಾಗಿ ಜಡೆಗಟ್ಟಿತ್ತು. ಗೋಡೆಯ ಮೇಲೆ ಅಲ್ಲಲ್ಲಿ ಕೆಂಪು ಬೆರೆತ ಲೋಳೆ. ಅದನ್ನು ನೋಡಿದವಳು ಅವಳೊಬ್ಬಳೇ.

‘ಅವುಗಳ ತುತ್ತು ತಪ್ಪಿಸಬೇಡ ಕಣವ್ವ,’ ಎಂದಿದ್ದಳು ಅಮ್ಮ, ಕಣ್ಣು ಮುಚ್ಚುವ ಮುಂಚೆ. ಮಗಳು ‘ಹೂಂ’ ಅಂದಿದ್ದಳು.

*

ಅಮ್ಮ ಬಸ್‌ ನಿಲ್ದಾಣದ ಪಾಯಖಾನೆ ತೊಳೆಯುವವಳು. ಊರವರ ಹೊಟ್ಟೆಯ ಸುಖದುಃಖವೆಲ್ಲ ತನಗೆ ಗೊತ್ತು ಎಂದು ನಗುತ್ತಿದ್ದಳು. ಕೆಲಸ ಮುಗಿಸಿ, ನಿಲ್ದಾಣದ ಬೇಕರಿಯವನು ಎತ್ತಿಟ್ಟ ಬ್ರೆಡ್ಡಿನ ಅಂಚುಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬರುವಳು. ಬಂದವಳೇ ಬಕೀಟಿಗೆ ಸುರಿದು, ನೀರು ಹಾಕಿ, ಮೊಣಕೈವರೆಗೆ ಕೈ ಬಿಟ್ಟು ಕಿವುಚುವಳು. ಹಲ್ಲಿಲ್ಲದ ಮುದಿಗಳಿಗೆ, ಹಲ್ಲು ಬಾರದ ಮರಿಗಳಿಗೆ ಮೆತ್ತಗಾಗಬೇಕಲ್ಲ. ಕಿವುಚುವಾಗ ಬಾಯಲ್ಲಿ ಯಾವುದೋ ಹಳೆಯ ಪದ. ಅರ್ಧ ಮರೆತದ್ದು, ಉಳಿದರ್ಧ ತಾನೇ ಕಟ್ಟಿದ್ದು. ಪದದಲ್ಲಿ ಉಣ್ಣಿಸುವ ದೇವರ ಹೆಸರು ಬಂದಲ್ಲಿ ದನಿ ತಗ್ಗುತ್ತಿತ್ತು.

“ಕೈಗೆ ಸೋಪು ಹಾಕ್ಕೋಮ್ಮ. ಎಲ್ಲಿಂದ ಬಂದಿದೀಯ ನೆನಪಿದೆಯಾ?”

“ಸೋಪಿನ ವಾಸನೆ ಬಂದ್ರೆ ಅವು ಮುಟ್ಟಲ್ಲ ಕಣೇ. ಒಂದ್ಸಲ ಹಾಕ್ಕೊಂಡು ನೋಡ್ದೆ. ಆ ಕುಂಟಜ್ಜಿ ಇದಾಳಲ್ಲ, ಮೂಸಿ ನನ್ನ ಮುಖಕ್ಕೇ ಎಸೆದ್ಲು. ಬರೀ ನೀರಲ್ಲಿ ತಿಕ್ಕಿ ತಿಕ್ಕಿ ತೊಳೆದಿದೀನಿ, ಬಿಡು.”

ಕುಂಟಜ್ಜಿ ಎಂದರೆ ಒಂದು ಹಿಂಗಾಲು ಊನವಾದ ಮುದಿ ಹೆಣ್ಣುಮಂಗ. ಬ್ರೆಡ್ಡಿನ ಮುದ್ದೆಯನ್ನು ಅಮ್ಮನ ಬೆರಳ ಸಂದಿಯಿಂದಲೇ ತೆಗೆದುಕೊಳ್ಳುವಷ್ಟು ಸಲಿಗೆ ಅದಕ್ಕೊಂದಕ್ಕೇ.

*

ಮರಿಗಳು ಒಂದೊಂದಾಗಿ ಸಾಯತೊಡಗಿದಾಗ ಪ್ರಾಣಿಗಳ ಡಾಕ್ಟರಮ್ಮ ಬಂದಳು. ಚಿಕ್ಕ ವಯಸ್ಸು, ದೊಡ್ಡ ಬೂಟು. ಮಂಗಗಳ ಹೇಲನ್ನು ಕಡ್ಡಿಯಿಂದ ಡಬ್ಬಿಗೆ ತುಂಬಿಕೊಂಡಳು. ಸಾಲುಮನೆಯವರಿಗೂ ಒಂದೊಂದು ಡಬ್ಬಿ ಕೊಟ್ಟಳು. ಟೈಲರಕ್ಕ, “ಇದನ್ನೂ ಅಳತೆ ತಗೊಂಡು ಹೊಲೀತೀರಾ?” ಎಂದು ಕೇಳಿ ಕೇರಿಯನ್ನೆಲ್ಲ ನಗಿಸಿದ್ದಳು.

ಮತ್ತೆ ಬಂದಾಗ ಅಮ್ಮ ಕೆಲಸಕ್ಕೆ ಹೋಗಿದ್ದಳು. ಡಾಕ್ಟರಮ್ಮ ಬಾಗಿಲಲ್ಲೇ ನಿಂತು ದನಿ ತಗ್ಗಿಸಿದಳು.

“ನೋಡಿ, ಇದು ಕಾಡಿನ ರೋಗ ಅಲ್ಲ. ಮನುಷ್ಯರ ಆಮಶಂಕೆ. ನಿಮ್ಮ ತಾಯಿ ಹೊಟ್ಟೇಲಿರೋ ಕ್ರಿಮಿನೇ ಅವುಗಳ ಹೊಟ್ಟೇಲೂ ಇದೆ. ಅವರಿಗೆ ಹೆಚ್ಚು ತೊಂದರೆ ಕಾಣ್ತಿಲ್ಲ, ಆದ್ರೆ ಒಳಗೇ ಕೂತಿದೆ. ಕೈಯಿಂದ ಹೋಗ್ತಿದೆ.”

“ಅಂದ್ರೆ... ಅಮ್ಮನೇ?”

“ಬೇಕೂಂತ ಅಲ್ವಲ್ಲ. ಈ ಮಾತ್ರೆ ನಮ್ಮ ಜೊತೆ ಇರೋ ಮನುಷ್ಯರ ಡಾಕ್ಟರು ಬರೆದಿದಾರೆ. ಒಂದೂ ಬಿಡದೆ ಪೂರ್ತಿ ನುಂಗಬೇಕು. ಕೈಯಿಂದ ತಿನ್ನಿಸೋದು ಇವತ್ತಿಂದಲೇ ನಿಲ್ಲಬೇಕು. ನಾನೇ ಕೂತು ಹೇಳ್ಲಾ?”

“ಬೇಡ. ನಾನೇ ಹೇಳ್ತೀನಿ.”

ಹೇಳಲಿಲ್ಲ. ಅವತ್ತು ಸಂಜೆ ಅಮ್ಮ ಸತ್ತ ಮರಿಯೊಂದನ್ನು ತನ್ನ ಹಳೆಯ ರವಿಕೆಯಲ್ಲಿ ಸುತ್ತಿ ಹಿತ್ತಿಲಲ್ಲಿ ಗುಂಡಿ ತೋಡುತ್ತಿದ್ದಳು. ‘ಯಾವ ಪಾಪಿ ಕಣ್ಣು ಬಿತ್ತೋ ಇವುಗಳ ಮೇಲೆ’ ಎಂದು ಬೈಯುತ್ತಿದ್ದಳು, ಬೈಯುತ್ತ ಅಳುತ್ತಿದ್ದಳು. ಅಂಥವಳಿಗೆ, ನಿನ್ನ ಕೈಯೇ ಕಣಮ್ಮ ಎಂದು ಯಾವ ಬಾಯಿಂದ ಹೇಳುವುದು? ಮಗಳು ತನ್ನಲ್ಲೇ ಒಂದು ಲೆಕ್ಕ ಹಾಕಿದಳು: ಮಾತ್ರೆಯಿಂದ ಅಮ್ಮನ ಹೊಟ್ಟೆ ಶುದ್ಧವಾದರೆ ಕೈಯೂ ಶುದ್ಧವಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಇದೇನೇ ಮಾತ್ರೆ?”

“ಹೊಟ್ಟೆಗೆ ಶಕ್ತಿ ಬರೋದು. ಸುಮ್ನೆ ನುಂಗು.”

“ಶಕ್ತಿದಾ?” ಎಂದು ಅಮ್ಮ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದ್ದಳು.

ಮರಿಗಳ ಸಾವು ನಿಲ್ಲಲಿಲ್ಲ. ಬಿಸಿಲು ಏರುವ ಕಾಲಕ್ಕೆ ಅಮ್ಮನೂ ಮಲಗಿದಳು. ಆಸ್ಪತ್ರೆಯ ಡಾಕ್ಟರು ಕೇಳಿದ್ದರು, “ಹಿಂದೆ ಕೊಟ್ಟ ಮಾತ್ರೆ ಪೂರ್ತಿ ತಗೊಂಡಿದಾರಾ?” ಮಗಳು, “ಪೂರ್ತಿ ತಗೊಂಡಿದಾರೆ,” ಎಂದಳು. ಅವರು ಏನೋ ಅರ್ಥವಾಗದವರಂತೆ ತಲೆಯಾಡಿಸಿದರು.

*

ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು ಒಳಗೆ ಕೂತರು. ಚಹಾ ಬಂತು. ಕಿಟಕಿಯಾಚೆ ಮಂಗಗಳು ಕದಲಿರಲಿಲ್ಲ. ಒಂದು ಮರಿ ಸಣ್ಣಗೆ ಕೀರಿತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿ ಅತ್ತ ನೋಡಿದರು.

“ಹಸಿದಿದಾವೆ ಪಾಪ,” ಎಂದ ಮಾವ. “ಆ ಬಾಳೆಹಣ್ಣಿನ ಗೊನೆ ತಗೊಂಬಾ. ಇವತ್ತು ಅಕ್ಕನ ಹೆಸರಲ್ಲಿ ಎಲ್ಲರೂ ಒಂದೊಂದು ಕೊಡೋಣ.”

“ಬೇಡ ಮಾವ.”

“ಬೇಡ ಅಂದ್ರೆ?”

“ಕೈಯಿಂದ ಕೊಡಬಾರದು. ಡಾಕ್ಟರಮ್ಮ ಹೇಳಿದಾರೆ. ಅವುಗಳಿಗೆ ರೋಗ ಬರುತ್ತಂತೆ.”

“ಅಲ್ವೇ, ಇಷ್ಟು ವರ್ಷ ಅಕ್ಕ ಕೊಟ್ಟಾಗ ಬರದ ರೋಗ, ಇವತ್ತು ನಾನು ಕೊಟ್ರೆ ಬರುತ್ತಾ? ನನ್ನ ಕೈಯೇನು ವಿಷವಾ?” ಮಾವನ ದನಿ ಏರಿತು. “ಸಾಯೋ ಮುಂಚೆ ನಿನ್ನ ಹತ್ರ ಏನು ಮಾತು ತಗೊಂಡ್ಲು? ಇಲ್ಲೇ ಕೂತಿದ್ದೆ ನಾನು. ಮಣ್ಣು ಇನ್ನೂ ಹಸಿ ಇದೆ, ಆಗ್ಲೇ ಮಾತು ಮೀರ್ತೀಯಾ?”

ಎಲ್ಲರ ಕಣ್ಣೂ ಮಗಳ ಮೇಲೆ. ಅವಳು ಬಾಯಿ ತೆರೆದಳು. ಹೇಳಿದರೆ ಅಮ್ಮನ ಮೇಲೆ ಇನ್ನೊಂದು ಹಿಡಿ ಮಣ್ಣು ಹಾಕಿದಂತೆ. ಮುಚ್ಚಿಕೊಂಡಳು.

ಟೈಲರಕ್ಕ ನಡುವೆ ಬಂದಳು. “ಆ ಡಾಕ್ಟರಮ್ಮ ಡಬ್ಬಿ ತುಂಬಿಸ್ಕೊಂಡು ಹೋದ್ಲು, ಅಷ್ಟೇ. ಮರಿಗಳಿಗೆ ಒಂದು ಮದ್ದು ಕೊಟ್ಲಾ? ಕೊಟ್ಟೋಳು ನಿಮ್ಮಮ್ಮ. ನೀನು ತಂದ್ಕೊಟ್ಟಿದ್ದ ಮಾತ್ರೆ ಇತ್ತಲ್ಲ, ಬಿಳೀದು?”

ಮಗಳು ತಲೆಯೆತ್ತಿದಳು.

“ಒಂದೂ ತಾನು ನುಂಗ್ಲಿಲ್ಲ ಕಣೇ! ಬಾಳೆಹಣ್ಣೊಳಗೆ ತುರುಕಿ ತುರುಕಿ ಅವುಗಳಿಗೇ ಕೊಟ್ಲು. ಹಣ್ಣು ಸುಲಿದು ಕೊಡ್ತಿದ್ದೋಳು ನಾನೇ. ‘ಹೊಟ್ಟೆಗೆ ಶಕ್ತಿ ಬರೋ ಮಾತ್ರೆಯಂತೆ, ಊರು ಹೋಗು ಕಾಡು ಬಾ ಅನ್ನೋ ವಯಸ್ಸಿನೋಳಿಗೆ ಶಕ್ತಿ ಯಾತಕ್ಕೆ, ನಾಳೆ ಬದುಕೋವಕ್ಕೆ ಇರ್ಲಿ’ ಅಂದ್ಲು. ‘ಮಗಳಿಗೆ ಹೇಳಬೇಡ, ಬೈತಾಳೆ’ ಅಂತ ಆಣೆ ಬೇರೆ ಹಾಕಿಸ್ಕೊಂಡಿದ್ಲು.” ಟೈಲರಕ್ಕ ಅಳುತ್ತಲೇ ನಕ್ಕಳು. “ಎಂಥಾ ಜೀವ ನೋಡು. ತಾಯಿ ಅಂದ್ರೆ ಅದು.”

“ತಾಯಿ ಅಂದ್ರೆ ಅದು,” ಎಂದ ಮಾವನೂ. ಸುತ್ತಲಿದ್ದವರು ಹೌದು ಹೌದೆಂದು ತಲೆದೂಗಿದರು. ಚಹಾದ ಲೋಟಗಳು ಮತ್ತೊಮ್ಮೆ ಸುತ್ತು ಬಂದವು.

ಮಗಳು ಎದ್ದಳು. ಗೊನೆಯಿಂದ ಒಂದು ಹಣ್ಣು ಕಿತ್ತುಕೊಂಡಳು.

“ಅದು ಮಾತು!” ಎಂದ ಮಾವ, ಸಮಾಧಾನವಾಗಿ.

ಬಚ್ಚಲಲ್ಲಿ ನಲ್ಲಿ ತಿರುಗಿಸಿ ಸೋಪು ಹಚ್ಚಿದಳು. ಅಂಗೈ, ಬೆರಳ ಸಂದಿ, ಉಗುರಿನೊಳಗು. ತೊಳೆದು ಮತ್ತೆ ಹಚ್ಚಿದಳು. ಚರ್ಮ ಕೆಂಪಗಾಗಿ ಉರಿಯುವವರೆಗೆ ತಿಕ್ಕಿದಳು. ಹಣ್ಣನ್ನೂ ತೊಳೆದಳು. ಆಮೇಲೆ ಹಿತ್ತಿಲ ಬಾಗಿಲು ತೆರೆದಳು.

ಬಾಗಿಲ ಸದ್ದಿಗೆ ಗೋಡೆಯ ಮೇಲಿನ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಕುಂಟಜ್ಜಿ ಅಂಚಿಗೆ ಸರಿದು ಕೈ ಚಾಚಿತು. ಮಗಳು ಹಣ್ಣು ಕೊಟ್ಟಳು.

ಅದು ತಿನ್ನಲಿಲ್ಲ. ಸಿಪ್ಪೆ ಸುಲಿದು, ಹಣ್ಣನ್ನು ನಡುವೆ ಮುರಿದು, ತೋರುಬೆರಳನ್ನು ಒಳಗೆ ತೂರಿಸಿ ನಿಧಾನವಾಗಿ ಕೆದಕಿತು. ಏನೋ ಇರಬೇಕಾದಲ್ಲಿ ಇಲ್ಲ ಎಂಬಂತೆ ಇನ್ನೊಂದು ತುಂಡನ್ನೂ ಕೆದಕಿ ನೋಡಿತು. ಬೆರಳನ್ನು ಮೂಗಿಗೆ ಹಿಡಿಯಿತು. ಮುಖ ಸಿಂಡರಿಸಿ ಹಣ್ಣನ್ನು ಕೆಳಗೆ ಬಿಟ್ಟಿತು.

ಮಗಳ ಕಣ್ಣು ಹಣ್ಣಿನ ಹಿಂದೆಯೇ ಗೋಡೆಯ ಬುಡಕ್ಕೆ ಇಳಿಯಿತು. ಅಲ್ಲಿ, ಒಣಗಿದ ಸಿಪ್ಪೆಗಳ ನಡುವೆ, ಹಾವಸೆಗೆ ಅಂಟಿಕೊಂಡು ಬಿಳಿಯ ಮಾತ್ರೆಗಳು ಬಿದ್ದಿದ್ದವು. ಕೆಲವು ನೆನೆದು ಉಬ್ಬಿದ್ದವು. ಕೆಲವುಗಳ ಮೇಲೆ ಸಣ್ಣ ಹಲ್ಲಿನ ಗುರುತು.

ಮೇಲೆ ಕುಂಟಜ್ಜಿ ಅವಳನ್ನು ನೋಡುತ್ತಿರಲಿಲ್ಲ. ಅವಳ ಭುಜದಾಚೆ, ತೆರೆದ ಬಾಗಿಲನ್ನು ನೋಡುತ್ತ, ಅಂಗೈಯನ್ನು ಇನ್ನೂ ಚಾಚಿಕೊಂಡೇ ಕೂತಿತ್ತು.