ಎಲ್ಲರಿಗೂ ಒಂದೊಂದು

ಗದ್ದಕ್ಕೆ ಕಟ್ಟಿದ ಬಟ್ಟೆ ಮತ್ತೆ ಸಡಿಲವಾಗಿ ಅಕ್ಕನ ಬಾಯಿ ತೆರೆದುಕೊಂಡಿತು. ರೇವಣಸಿದ್ದ ಗಂಟು ಬಿಚ್ಚಿ, ಬಟ್ಟೆಯನ್ನು ನೆತ್ತಿಯ ಮೇಲಕ್ಕೆ ತಂದು, ಈ ಸಲ ಎರಡು ಸುತ್ತು ಹಾಕಿ ಬಿಗಿದ. ಹೆಣದ ಹೆಗಲು ಹಿಡಿದು ಕೂತಿದ್ದ ನೆರೆಮನೆಯ ಮೂಕಮ್ಮ, "ಮೆಲ್ಲಕ ಕಟ್ಟಪಾ, ಆಕಿಗೆ ನೋವಾಗತದ" ಎಂದಳು. ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಕ್ಕ ನೇತ್ರಾವತಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಅವಳ ಗಂಡ ಕನಕರಾಯನ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ಹಾಗೆಯೇ ಹೊತ್ತೊಯ್ದು, ಹಾಗೆಯೇ ಮಣ್ಣು ಮಾಡುತ್ತಾರೆ. ಮುತ್ತೈದೆಯಾಗಿ ಹೋದವಳೆಂದು ಕೆನ್ನೆಗೆ ಅರಿಶಿನ, ಹಣೆಗೆ ಅಗಲ ಕುಂಕುಮ, ಕೈತುಂಬ ಹಸಿರು ಬಳೆ. ತವರಿನ ಸೀರೆಯನ್ನು ಅವ್ವ ಅಯ್ಯಮ್ಮ ನಸುಕಿನಲ್ಲೇ ದೇವದುರ್ಗದ ಕಡೆಯ ತನ್ನ ಹಳ್ಳಿಯಿಂದ ತಂದಿದ್ದಳು.

ಬಂದವರೆಲ್ಲ ಕೂತ ಹೆಣ ನೋಡಿ ಎದೆ ಬಡಿದುಕೊಳ್ಳುತ್ತಿದ್ದರು. ರೇವಣಸಿದ್ದನಿಗೆ ಮಾತ್ರ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಕಳೆದ ಎರಡು ವರ್ಷಗಳಿಂದ ಅಕ್ಕ ರಾತ್ರಿಗಳನ್ನು ಕಳೆದದ್ದು ಇದೇ ಗೋಡೆಗೆ ಒರಗಿ. ಹೃದಯದ ಕವಾಟ ಕೆಟ್ಟು ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿತ್ತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ತಲೆ ತಾಗಿ ತಾಗಿ ಗೋಡೆಯ ಸುಣ್ಣದ ಮೇಲೆ ಎಣ್ಣೆಯ ಕಲೆಯೊಂದು ಮೂಡಿತ್ತು. ಕೂರಿಸಿದವರು ಗೊತ್ತಿಲ್ಲದೆಯೇ ಅವಳ ತಲೆಯನ್ನು ಆ ಕಲೆಗೇ ಒರಗಿಸಿದ್ದರು.

ಅವನು ಹಿಂದೆ ಸರಿದಾಗ ಮಂಜುಳಾ ಕಾಲಿಗೆ ತಾಕಿದಳು. ಅಕ್ಕನ ಒಬ್ಬಳೇ ಮಗಳು, ಒಂಬತ್ತರ ಹುಡುಗಿ. ಅತ್ತು ಅತ್ತು ಬಾಡಿದ್ದಾಳೆ ಅಂದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡರೆ ಮೈ ಸುಡುತ್ತಿತ್ತು. ನೀರು ಕುಡಿಯುತ್ತೀಯಾ ಎಂದು ಕೇಳಿದ. ಹುಡುಗಿ ಬೇಡವೆಂದು ತಲೆಯಾಡಿಸಿದಳು.

"ನುಂಗಾಕ ಬರವಲ್ದು ಮಾಮಾ."

ಆಗಷ್ಟೇ ತಾಯಿಯ ಗದ್ದದ ಕೆಳಗಿದ್ದ ಕೈಯನ್ನು ಅವನು ಮಗಳ ಗದ್ದದ ಕೆಳಗೆ ಇಟ್ಟ. ಎರಡೂ ಬದಿಗೆ ಬೇವಿನ ಹಣ್ಣಿನಂಥ ಗಂಟುಗಳು. ಮುಟ್ಟಿದ್ದಕ್ಕೆ ಹುಡುಗಿ ಮುಖ ಕಿವುಚಿದಳು. ಅವಳಿಗೆ ಕೆಮ್ಮಿರಲಿಲ್ಲ, ಮೂಗು ಸೋರುತ್ತಿರಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ನೆಂಟರ ಮಕ್ಕಳಿಗೆಲ್ಲ ಸುಂಬಳ, ಕೆಮ್ಮು. ಆ ಚಳಿಗಾಲ ಊರಿಗೆ ಊರೇ ಸೀನುತ್ತಿತ್ತು, ಅವನೂ ವಾರದಿಂದ ಕೆಮ್ಮುತ್ತಿದ್ದ. ಈ ಹುಡುಗಿಯದು ಮಾತ್ರ ಬೇರೆ.

ಅತ್ತದ್ದಕ್ಕೆ ಗಂಟಲು ಕಟ್ಟಿದೆ, ನಾಳೆಗೆ ಸರಿಹೋಗುತ್ತದೆ ಎಂದರು ಹೆಂಗಸರು. ರೇವಣಸಿದ್ದ ರಾಯಚೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ, ಕಫ ಪರೀಕ್ಷೆ ಮಾಡುವವನು. ಅವನು ಕೈಯನ್ನು ಹುಡುಗಿಯ ಕತ್ತಿನಿಂದ ತೆಗೆಯಲಿಲ್ಲ.

*

ಇಂಥದೇ ಗಂಟಲು ನೇತ್ರಾವತಿಗೆ ಬಂದಾಗ ಅವಳಿಗೂ ಹೆಚ್ಚುಕಡಿಮೆ ಇಷ್ಟೇ ವಯಸ್ಸು. ಅಪ್ಪ ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಹೋಗಿದ್ದ. ಅವ್ವ ಮಗಳನ್ನು ಬಸ್ಸಿಗೆ ಹತ್ತಿಸಿ ದೇವದುರ್ಗದ ಡಾಕ್ಟರಿಗೆ ತೋರಿಸಿದಳು. ಕೆಂಪು ಹಳದಿ ಬಣ್ಣದ ಗುಳಿಗೆ ಕೊಟ್ಟು, ಮುಗಿಯುವ ತನಕ ನುಂಗಬೇಕು ಎಂದು ಹೇಳಿ ಕಳಿಸಿದ್ದರು.

ಎರಡು ದಿನಕ್ಕೆ ಜ್ವರ ಬಿಟ್ಟಿತು. ನೇತ್ರಾವತಿ ಎದ್ದು ಕುರಿಮರಿಗಳ ಹಿಂದೆ ಓಡಿದಳು. ಆರಾಮಾದ ಹುಡುಗಿಗೆ ಔಷಧ ತಿನ್ನಿಸಿ ಹಾಳು ಮಾಡುವುದೇಕೆಂದು ಅವ್ವ ಉಳಿದ ಗುಳಿಗೆಗಳನ್ನು ಅರಿವೆಯಲ್ಲಿ ಕಟ್ಟಿ ದೇವರ ಮಾಡದಲ್ಲಿಟ್ಟಳು. ಆ ವಾರವೇ ರೇವಣಸಿದ್ದನಿಗೆ ನೆಗಡಿ ಬಂತು. ಮೂಗು ಸೋರಿತು, ಎದೆ ಗೊರಗೊರ ಎಂದಿತು. ಅವ್ವ ಮಾಡದಿಂದ ಅರಿವೆ ತೆಗೆದಳು.

ಅವನು ಬಾಯಿ ತೆರೆಯಲಿಲ್ಲ. ಆಗ ಅಕ್ಕನೇ ಗುಳಿಗೆ ಬಿಡಿಸಿ, ಒಳಗಿನ ಪುಡಿಯನ್ನು ಬೆಲ್ಲದಲ್ಲಿ ಕಲಸಿ, ಅವನ ಮೂಗು ಹಿಡಿದು, "ನುಂಗಲೇ, ಇಲ್ಲಂದ್ರ ನಿನ್ನ ಪಾಲಿನ ಬೆಲ್ಲಾನೂ ನಾನ ತಿಂತೀನಿ" ಎಂದು ಹೆದರಿಸಿದ್ದಳು. ಅವನು ನುಂಗಿದ. ವಾರದಲ್ಲಿ ನೆಗಡಿ ಹೋಯಿತು. ಏನೂ ಕೊಡದಿದ್ದರೂ ಅಷ್ಟೇ ದಿನಕ್ಕೆ ಹೋಗುತ್ತಿತ್ತು.

ಮುಂದಿನ ಹುಣ್ಣಿಮೆಯ ಹೊತ್ತಿಗೆ ಅಕ್ಕನ ಮೊಣಕಾಲು ಬಾತವು. ಅದು ಇಳಿದರೆ ಕಾಲಿನ ಹರಡು, ಅದೂ ಇಳಿದರೆ ಮೊಣಕೈ. ಬೆಳೆಯುವ ಹುಡುಗಿಗೆ ಕೀಲು ಹಿಡಿಯುವುದು ಸಹಜ ಎಂದು ಅವ್ವ ದಿನವೂ ಎಣ್ಣೆ ಕಾಸಿ ತಿಕ್ಕಿದಳು. ಬಾವು ಇಳಿಯಿತು. ಗಂಟಲಿಗೂ ಕೀಲಿಗೂ ಗಂಟು ಹಾಕುವ ಯೋಚನೆ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ.

*

ಹೊತ್ತೇರುವ ಮುಂಚೆ ಮಾನ್ವಿಯಿಂದ ಡಾಕ್ಟರ್ ಹುಮೇರಾ ಬಂದರು. ನೇತ್ರಾವತಿಗೆ ವರ್ಷಗಟ್ಟಲೆ ತಿಂಗಳಿಗೊಮ್ಮೆ ಪೆನ್ಸಿಲಿನ್ ಸೂಜಿ ಮಾಡಿದವರು. ಹೆಣದ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಕಟ್ಟೆಯ ಮೇಲೆ ಕೂತರು. ರೇವಣಸಿದ್ದ ಹುಡುಗಿಯನ್ನು ಅವರ ಮುಂದೆ ನಿಲ್ಲಿಸಿದ. ಚಮಚೆಯಿಂದ ನಾಲಿಗೆ ಒತ್ತಿ, ಮೊಬೈಲಿನ ಬೆಳಕಿನಲ್ಲಿ ನೋಡಿದ ಅವರ ಮುಖ ಸಣ್ಣದಾಯಿತು.

"ಒಳಗ ಬೆಳ್ಳಗ ಕೀವು ಕಟ್ಟ್ಯಾದ. ಕೆಮ್ಮಿಲ್ಲ, ನೆಗಡಿ ಇಲ್ಲ. ತಾಯಿಗೆ ಆಗಿದ್ದು ಹೀಂಗ ಸುರು ಆಗಿರತದ. ಬ್ಯಾರೇವ್ರದಾದ್ರ ಪರೀಕ್ಷಾ ಮಾಡಿಸಿ ನೋಡೂಣಂತಿದ್ದೆ. ಈಕಿದು ಕಾಯಂಗಿಲ್ಲ."

ಒಂದು ಸೂಜಿಯಲ್ಲಿ ಮುಗಿಯುವ ಕೆಲಸ, ಆದರೆ ಆ ಔಷಧ ತಿಂಗಳುಗಳಿಂದ ಎಲ್ಲಿಯೂ ಸಿಗುತ್ತಿಲ್ಲ ಎಂದರು. ಗುಳಿಗೆ ಬರೆದರು. ದಿನಕ್ಕೊಂದು, ಹತ್ತು ದಿನ, ಜ್ವರ ಇಳಿದರೂ ಬಿಡುವ ಹಾಗಿಲ್ಲ. ನಡುವೆ ಬಿಟ್ಟರೆ ಗಂಟಲಿನ ನೋವು ಹೋಗಬಹುದು, ಒಳಗಿನ ರೋಗಾಣು ಹೋಗುವುದಿಲ್ಲ.

ಕನಕರಾಯನ ತಂಗಿ ಸುಂಬಳ ಸುರಿಸುತ್ತಿದ್ದ ತನ್ನ ಮಗನನ್ನು ಮುಂದೆ ತಳ್ಳಿದಳು. ಇವನಿಗೂ ಅದನ್ನೇ ಬರೆಯಿರಿ ಎಂದಳು. ಹುಮೇರಾ ಅವನ ಎದೆಗೆ ಕಿವಿಗೊಟ್ಟು ಕೇಳಿ, ಇದು ಬರೀ ನೆಗಡಿ, ಈ ಗುಳಿಗೆ ಇದಕ್ಕೆ ಕೆಲಸ ಮಾಡುವುದಿಲ್ಲ, ಬೆಚ್ಚಗಿಡಿ, ನೀರು ಕುಡಿಸಿ, ಉಸಿರಾಟ ಜೋರಾದರೆ ಕರೆತನ್ನಿ ಎಂದರು. ಅವರು ಹೋದ ಮೇಲೆ ಆಕೆ ಅಯ್ಯಮ್ಮನ ಪಕ್ಕ ಕೂತು, ಎಲ್ಲರಿಗೂ ಕೇಳುವಂತೆ, "ನಮ್ಮ ಹುಡುಗರೇನು ಹಾದ್ಯಾಗ ಬಿದ್ದು ಸಿಕ್ಕಾವೇನ್ ಬೇ" ಎಂದಳು. ಅಯ್ಯಮ್ಮ ಆ ಹುಡುಗನ ಮೂಗನ್ನು ತನ್ನ ಸೆರಗಿನಿಂದ ಒರೆಸಿದಳು.

ರೇವಣಸಿದ್ದ ಭಾವನ ಗಾಡಿ ತೆಗೆದುಕೊಂಡು ಮಾನ್ವಿಗೆ ಹೋದ. ಮೆಡಿಕಲ್ಲಿನವನು ಅಭ್ಯಾಸದಂತೆ ಕತ್ತರಿ ಎತ್ತಿಕೊಂಡು, ಎರಡು ದಿನದ್ದು ಕತ್ತರಿಸಲೇ ಎಂದು ಕೇಳಿದ. ಅದಕ್ಕಿಂತ ಹೆಚ್ಚು ಯಾರೂ ಒಯ್ಯುವುದಿಲ್ಲವಂತೆ. ರೇವಣಸಿದ್ದ ಹತ್ತು ಗುಳಿಗೆಯ ಇಡೀ ಪಟ್ಟಿ ತಂದ. ಒಂದು ಗುಳಿಗೆಯನ್ನು ಪುಡಿ ಮಾಡಿ, ಬೆಲ್ಲದಲ್ಲಿ ಕಲಸಿ, ಜ್ವರದ ಔಷಧದ ಜೊತೆ ಹುಡುಗಿಗೆ ನುಂಗಿಸಿದ. ಹೆಣ ಎತ್ತುವ ಹೊತ್ತಾಗಿತ್ತು. ಉಳಿದದ್ದನ್ನು ಅವ್ವನ ಕೈಗೆ ಕೊಟ್ಟು, ಇದು ಮಂಜಿಗೆ ಮಾತ್ರ, ಮುಗಿಯುವ ತನಕ ಎಂದು ಎರಡು ಸಲ ಹೇಳಿದ. ಅವ್ವ ಹ್ಞೂಂ ಎಂದು ಸೆರಗಿನ ತುದಿಗೆ ಕಟ್ಟಿಕೊಂಡಳು.

ಹುಡುಗಿ ಮುಂದೆ ಎಲ್ಲಿರಬೇಕು ಎಂಬ ಮಾತೂ ಅಷ್ಟರಲ್ಲೇ ಮುಗಿದಿತ್ತು. ನಾನೇ ರಾಯಚೂರಿಗೆ ಕರೆದೊಯ್ಯುತ್ತೇನೆ ಎಂದು ರೇವಣಸಿದ್ದ ಬಾಯಿಬಿಟ್ಟ. ಮದುವೆಯಿಲ್ಲದ, ಒಂದು ಖೋಲಿಯಲ್ಲಿರುವ ಗಂಡಸು ಹೆಣ್ಣುಮಗುವನ್ನು ಹೇಗೆ ಸಾಕುತ್ತಾನೆ ಎಂದು ಹಿರಿಯರು ಅದನ್ನು ತೆಗೆದುಹಾಕಿದರು. ಕನಕರಾಯ ತಲೆ ಎತ್ತದೆ ಅಯ್ಯಮ್ಮನ ಕಡೆ ಕೈ ತೋರಿ ಹೇಳಿದ:

"ಅತ್ತಿ ಒಯ್ಯಲಿ. ನೇತ್ರಾನ ಸಾಕಿದ ಕೈ ಅದು."

*

ಮಂಜುಳಾ ಹುಟ್ಟಿದ ಮೇಲೆ ನೇತ್ರಾವತಿ ಎರಡು ಮೆಟ್ಟಿಲು ಹತ್ತಿದರೂ ತೇಕತೊಡಗಿದ್ದಳು. ರಾಯಚೂರಿಗೆ ಕರೆತಂದರು. ಸಣ್ಣವಳಿದ್ದಾಗ ಗಂಟಲು ನೋವು, ಜ್ವರ ಬಂದು, ಆಮೇಲೆ ಕೀಲು ಬಾತಿತ್ತೇ ಎಂದು ಅಲ್ಲಿನ ವೈದ್ಯರು ಅವ್ವನನ್ನು ಕೇಳಿದರು. ಇಲ್ಲ, ನನ್ನ ಮಗಳು ಕಲ್ಲಿನಂತೆ ಗಟ್ಟಿ ಇದ್ದಳು, ಬಂದ ಜ್ವರಕ್ಕೂ ಆಗಲೇ ಗುಳಿಗೆ ಹಾಕಿಸಿದ್ದೆ ಎಂದಳು ಅವ್ವ. ಅವಳು ಸುಳ್ಳು ಹೇಳಿರಲಿಲ್ಲ. ನೆನಪಿನಲ್ಲಿ ಉಳಿದಿದ್ದೇ ಅಷ್ಟು.

ರೇವಣಸಿದ್ದ ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ. ಆ ಅಧ್ಯಾಯವನ್ನು ಪರೀಕ್ಷೆಗಾಗಿ ಓದಿದ್ದ. ಗಂಟಲಿನ ರೋಗಾಣುವಿನ ಮೇಲೆ ಎದ್ದ ದೇಹದ ಕಾವಲುಪಡೆ ಗುರುತು ತಪ್ಪಿ ಹೃದಯದ ಮೇಲೆ ಬೀಳುವ ಕತೆ ಅದು. ಆಸ್ಪತ್ರೆಯ ಬೆಂಚಿನ ಮೇಲೆ ಅವನ ನಾಲಿಗೆಗೆ ಇದ್ದಕ್ಕಿದ್ದಂತೆ ಬೆಲ್ಲದ ಜೊತೆಗಿನ ಆ ಕಹಿ ಬಂತು.

ನಿನ್ನ ಉಳಿದ ಗುಳಿಗೆ ನಾನು ತಿಂದದ್ದರಿಂದಲೇ ಇದು ಎಂದು ಅಕ್ಕನಿಗೆ ಹೇಳಿಬಿಟ್ಟ. ಅವಳು ನಕ್ಕಳು.

"ನನ್ನ ಗುಳಿಗಿ ತಿಂದಿ, ಅದಕ್ಕ ಬಿಯೆಸ್ಸಿ ಮಟಾ ಬಂದಿ. ಇಲ್ಲಂದ್ರ ನಿನಗ ಯಾರು ಪಾಸ್ ಮಾಡ್ತಿದ್ರು." ತೇಕು ಇಳಿದ ಮೇಲೆ ಅವನ ಮುಂಗೈ ಹಿಡಿದಳು. "ಅವ್ವಗ ಇದು ಯಾವತ್ತೂ ಗೊತ್ತಾಗಬಾರದು ನೋಡು. ಗೊತ್ತಾದ್ರ ನನ್ನ ಎದಿ ಏನ್ ನೆಟ್ಟಗ ಆಗಂಗಿಲ್ಲ. ಆಕೀದು ಒಡಿತದ."

ಅವನು ಮಾತು ಕೊಟ್ಟ. ಆಮೇಲಿನ ವರ್ಷಗಳಲ್ಲಿ ಅಕ್ಕ ಹೊಲಕ್ಕೂ ಹೋದಳು, ಹತ್ತಿಯನ್ನೂ ಬಿಡಿಸಿದಳು, ತಿಂಗಳ ಸೂಜಿಗೆ ಮಾನ್ವಿಯ ಬಸ್ಸನ್ನೂ ಹತ್ತಿದಳು. ಒಮ್ಮೆ ಔಷಧ ಸಿಗದೆ ವಾಪಸು ಬಂದಳು, ಮುಂದೆಯೂ ಹಾಗೆಯೇ ಆಯಿತು. ಆರಾಮಿದ್ದೀನಲ್ಲ ಎಂದು ಒಂದು ದಿನ ಬಸ್ಸು ಹತ್ತುವುದನ್ನೇ ಬಿಟ್ಟಳು. ಕೊನೆಗೆ ಗೋಡೆಗೆ ಒರಗಿ ಕೂತಳು.

*

ಕೊನೆಯ ಹಿಡಿ ಮಣ್ಣು ಹಾಕಿ ಬಂದವರು ಅಂಗಳದ ಕೊಡದಿಂದ ಕಾಲಿಗೆ ನೀರು ಹಾಕಿಕೊಂಡು, ಹೆಣ ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಒಬ್ಬೊಬ್ಬರಾಗಿ ಹೊರಟರು. ಮೂಕಮ್ಮನ ಮನೆಯಿಂದ ರೊಟ್ಟಿ, ಬೇಳೆ ಬಂದಿದ್ದವು. ಅಡುಗೆಮನೆಯ ಬಾಗಿಲಲ್ಲಿ ಅಯ್ಯಮ್ಮ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ರೊಟ್ಟಿ ಮುರಿದು ಕೊಡುತ್ತಿದ್ದಳು. ರೊಟ್ಟಿಯ ಜೊತೆ ಪ್ರತಿಯೊಂದು ಅಂಗೈಯಲ್ಲೂ ಒಂದು ಗುಳಿಗೆ ಇತ್ತು. ಕನಕರಾಯನ ತಂಗಿಯ ಮಗ ತನ್ನದನ್ನು ಆಗಲೇ ನುಂಗಿ, ಮುಖ ಹುಳಿ ಮಾಡಿಕೊಂಡು ನೀರಿಗೆ ಕೈಚಾಚಿದ್ದ.

ರೇವಣಸಿದ್ದ ಹೊಸ್ತಿಲಲ್ಲೇ ನಿಂತ.

"ಯವ್ವಾ, ಅವು ಮಂಜಿವು."

"ಆಕೀದು ನೀನ ಹಾಕಿ ಹೋಗಿದ್ದೆಲ್ಲ. ಉರಿ ಇಳಿದಾದ, ನಿದ್ದಿ ಹತ್ಯಾದ."

"ಉರಿ ಇಳಿದ್ರೂ ಬೇಕಂತ ಹೇಳಿದ್ನಿಲ್ಲ. ಅಷ್ಟೂ ಆಕಿಗೇ ಬೇಕು. ಇವಕ್ಕ ಬರೇ ನೆಗಡಿ, ತಾನ ಹೋಗತದ."

ಅಯ್ಯಮ್ಮ ತಲೆ ಎತ್ತಿದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಇವತ್ತ ಮಗಳನ್ನ ಮಣ್ಣಿಗೆ ಕೊಟ್ಟೀನಿ. ಇಷ್ಟು ಕೂಸು ಮುಂದ ಕುಂತು ಕೆಮ್ಮಾಕತ್ತಾವ. ಗಂಟಿನ್ಯಾಗ ಔಷಧ ಇಟ್ಕೊಂಡು, ಒಬ್ಬಾಕಿಗೆ ಕೊಟ್ಟು ಉಳಿದವಕ್ಕ ಇಲ್ಲ ಅಂತ ಹ್ಯಾಂಗ ಅನ್ನಲಿ? ನನ್ನ ಕೈಲೆ ಆಗಂಗಿಲ್ಲಪಾ." ಮುಂದಿನ ಹುಡುಗಿಗೆ ರೊಟ್ಟಿ ಕೊಟ್ಟಳು. "ನಿನಗೂ ಬರೇ ನೆಗಡೀನ ಬಂದಿತ್ತು. ಎದಿ ಗೊರಗೊರ ಅಂತಿತ್ತು. ನೇತ್ರಾಂದು ಉಳಿದಿತ್ತು, ಹಾಕಿದೆ, ಉಳಿದಿ. ಆಕೀನ ಉಳಿಸ್ಕೊಳ್ಳಾಕ ಆಗಲಿಲ್ಲ. ನಿನ್ನರ ಉಳಿಸೀನಿ. ಈ ಕೈಲೆ ಆಗಿದ್ದು ಅದೊಂದ."

ಅದಕ್ಕೆ ಕೊಡಬೇಕಾದ ಉತ್ತರ ಒಂದೇ ಇತ್ತು. ಇಷ್ಟು ವರ್ಷ ಅದು ಅವನ ನಾಲಿಗೆಯ ಮೇಲೇ ಇತ್ತು. ಈಗ ಆಡಿದರೆ ಮಂಜುಳಾಳ ಗುಳಿಗೆ ಇನ್ನು ಮುಂದೆ ಯಾರ ಅಂಗೈಗೂ ಹೋಗುವುದಿಲ್ಲ. ಅವ್ವ ಆ ಗೋಡೆಯ ಮುಂದಿನಿಂದ ಏಳುವುದೂ ಇಲ್ಲ. ನಾಳೆ ಇನ್ನೊಂದು ಪಟ್ಟಿ ತರಬಹುದು. ಮಾನ್ವಿ ದೂರವಲ್ಲ. ಅದೂ ಇದೇ ಸೆರಗಿನ ಗಂಟಿಗೆ ಹೋಗುತ್ತದೆ, ಆ ಗಂಟಿನ ಜೊತೆ ಹುಡುಗಿ ಅವ್ವನ ಹಳ್ಳಿಗೆ ಹೋಗುತ್ತಾಳೆ. ಅಲ್ಲಿಯೂ ಮಕ್ಕಳಿದ್ದಾರೆ, ಅವರೂ ಕೆಮ್ಮುತ್ತಾರೆ.

ಅವನು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ತಡೆಯಲು ಹೋದಷ್ಟೂ ಜೋರಾಗಿ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ.

"ನೋಡು" ಎಂದಳು ಅಯ್ಯಮ್ಮ. ಪಟ್ಟಿಯ ಕೊನೆಯ ಗುಳಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹೊರತೆಗೆದು, ಎದ್ದು ಬಂದು ಅವನ ಅಂಗೈಯಲ್ಲಿಟ್ಟಳು. ಅವನ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿದಳು. "ನನಗ ಉಳಿದಾಂವ ನೀ ಒಬ್ಬನ. ನುಂಗು."

ಅವನು ಮುಷ್ಟಿ ಬಿಚ್ಚದೆ ಪಡಸಾಲೆಯ ಕಡೆ ತಿರುಗಿದ. ಹಾಸಿಗೆಯ ಮೇಲೆ ಮಂಜುಳಾ ಇರಲಿಲ್ಲ. ಯಾವಾಗ ಎದ್ದು ಹೋಗಿದ್ದಳೋ, ದೀಪದ ಪಕ್ಕದಲ್ಲಿ, ಗೋಡೆಗೆ ಒರಗಿ, ಕಾಲು ಮಡಚಿ ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸುಣ್ಣದ ಮೇಲಿನ ಎಣ್ಣೆಯ ಕಲೆ ಅವಳ ತಲೆಗಿಂತ ಎರಡು ಗೇಣು ಮೇಲಿತ್ತು.