ಬಾಯಿಪಾಠದ ಐದನೆಯ ಮಾತು

"ಇಷ್ಟ್ ನೀರು ಎಲ್ಲಿಂದ ಬರಾಕತ್ತೈತಿ?"

ಸುರೈಯಾ ಬಚ್ಚಲ ಗೋಡೆಯ ಮುಂದೆ ನಿಂತು ಕೇಳಿದಳು. ಗೋಡೆ ಏನು ಹೇಳೀತು? ಮಧ್ಯಾಹ್ನದ ಒಂದು ನಮಾಜಿಗೆ ಮೂರು ಸಲ ವಜೂ ಮಾಡಿದ್ದಳು. ಕೈ, ಮುಖ, ಕಾಲು ತೊಳೆದು ಶುದ್ಧಳಾಗಿ ಚಾಪೆಯ ಮೇಲೆ ನಿಂತಳೋ ಇಲ್ಲವೋ, ತೊಡೆಯ ಮೇಲೆ ಬೆಚ್ಚಗೆ ಹರಿಯುತ್ತಿತ್ತು. ನಾಲ್ಕನೆಯ ಸಲ ತೊಳೆಯಲು ಧೈರ್ಯ ಬರಲಿಲ್ಲ. 'ಯಾ ಅಲ್ಲಾ, ಇದೊಂದು ನಿಲ್ಲಿಸು' ಎಂದು ಅಲ್ಲಿಯೇ ಬೇಡಿಕೊಂಡಳು.

ಶುರುವಾದದ್ದು ನಿನ್ನೆ ಸಂಜೆ. ಮಲಗಿ ಎದ್ದಾಗ ಹಾಸಿಗೆ ಒದ್ದೆ. ಇಪ್ಪತ್ತಮೂರರ ಹೆಂಗಸು, ಬಿ.ಎ. ಮುಗಿಸಿದವಳು, ಕೂಸಿನ ಹಾಗೆ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡಳೆಂದು ಯಾರ ಮುಂದೆ ಹೇಳುವುದು? ಹಡೆದ ತಾಯಿಯ ಮುಂದೂ ಬಾಯಿ ಬರಲಿಲ್ಲ. ಸೀರೆಯೊಳಗಿನ ಪರಕರಗಳನ್ನು ಒಗೆದು ಒಗೆದು, ಯಾರ ಕಣ್ಣಿಗೂ ಬೀಳದಂತೆ ಮಾಳಿಗೆಯ ಹಿಂಬದಿಗೆ ಹಾಕಿ ಬಂದಳು.

ಚೊಚ್ಚಲ ಹೆರಿಗೆಗೆಂದು ಗಂಡನ ಊರು ಮಮದಾಪುರದಿಂದ ತವರು ತಿಕೋಟಾಕ್ಕೆ ಬಂದು ಎರಡು ತಿಂಗಳಾಗಿತ್ತು. ಬಂದ ಮೊದಲ ವಾರವೇ ಅಂಗನವಾಡಿಯಲ್ಲಿ ಬಸುರಿಯರ ಸಭೆ. ಆಶಾ ಕಾರ್ಯಕರ್ತೆ ಅನುರಾಧಾ ಬಸುರಿಯರಿಗೆ ಕೊಡುವ 'ತಾಯಿ ಕಾರ್ಡು' ಹಿಡಿದು ತಡವರಿಸುತ್ತ ಓದುತ್ತಿದ್ದಳು. ಸುರೈಯಾಳಿಗೆ ತಡೆಯಲಾಗಲಿಲ್ಲ.

"ಕೊಡ್ರಿ ಇಲ್ಲೆ ಅಕ್ಕಾರ, ನಾ ಓದತೇನಿ."

ಅಜ್ಜ ಗೈಬುಸಾಬ ಮೊಹರಮ್ಮಿನಲ್ಲಿ ಪದ ಹಾಡುತ್ತಿದ್ದವನು. ಅವನ ತೊಡೆಯ ಮೇಲೆ ಕೇಳುತ್ತ ಬೆಳೆದವಳ ಬಾಯಲ್ಲಿ ಕಾರ್ಡಿನ ಮಾತೂ ಪದವಾಯಿತು. ರಕ್ತ ಹೋಗುವುದು, ಮುಖ ಬಾತುಕೊಳ್ಳುವುದು, ಕಣ್ಣು ಮಂಜಾಗುವುದು, ಕೂಸಿನ ಮಿಸುಕಾಟ ತಗ್ಗುವುದು, ನೋವಿಲ್ಲದೆ ನೀರು ಹೋಗುವುದು. ಅಪಾಯದ ಈ ಐದು ಮಾತನ್ನು ಅವಳು ಏರಿಳಿಸಿ ಹೇಳಿದಾಗ ಹೆಂಗಸರು ಸೆರಗಿನ ಮರೆಯಲ್ಲಿ ತಲೆದೂಗಿದರು. ಮುಂದಿನ ತಿಂಗಳು ಕಾರ್ಡು ನೋಡದೆಯೇ ಹೇಳಿದಳು. ಘೋಣಸಗಿಯಿಂದ ತವರಿಗೆ ಬಂದಿದ್ದ ಲಕ್ಷ್ಮಿ, ಅವಳದೂ ಚೊಚ್ಚಲವೇ, ಮೆಲ್ಲಗೆ ಕೇಳಿದಳು: "ನೀರು ಹೋಗೂದಂದ್ರ ಹೆಂಗಿರ್ತೈತಿ ಬೇ?"

ಗೊತ್ತಿಲ್ಲ ಎನ್ನಲು ಬಾಯಿ ಬರಬೇಕಲ್ಲ. "ಕೊಡಾ ಒಡದಂಗ! ಧಡ್ ಅಂತ ಬರ್ತೈತಿ, ತಿಳೀದ ಇರಂಗಿಲ್ಲ" ಎಂದುಬಿಟ್ಟಳು ಸುರೈಯಾ. ಟಿವಿಯಲ್ಲಿ ಎಲ್ಲೋ ನೋಡಿದ್ದು ಅಷ್ಟೇ.

ಈಗ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಅನುರಾಧಾ ಮನೆಭೇಟಿಗೆ ಬಂದಿದ್ದಳು. ಅಕ್ಕಿ ಹಸನು ಮಾಡುತ್ತಿದ್ದ ತಾಯಿ ಮಕ್ತುಮಬಿ ಮರವನ್ನು ಬದಿಗಿಟ್ಟು ನಕ್ಕಳು. "ಬರ್ರಿ ಬಾಯಾರ. ನಿಮ್ಮ ಓದಿದಾಕಿ ನಿನ್ನಿಂದ ಬಚ್ಚಲಾ ಬಿಟ್ಟು ಬಂದಿಲ್ಲ. ಪರಕರಾ ಒಗದಿದ್ದ ಒಗದಿದ್ದು! ಹೊಟ್ಟಿ ಹೊತಗೊಂಡು ಅಗಸಗಿತ್ತಿ ಆಗ್ಯಾಳ."

ಅನುರಾಧಾಳೂ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಬಚ್ಚಲಿನಿಂದ ಹೊರಬಂದ ಸುರೈಯಾಳ ಕೈಹಿಡಿದು ಒಳಕೋಣೆಗೆ ಕರೆದೊಯ್ದಳು.

"ಖರೇ ಹೇಳು. ಏನಾಗೇತಿ?"

"ಏನಿಲ್ರಿ... ಉಚ್ಚಿ ತಡಿಯಾಕ ಆಗವಲ್ದು."

"ಬಿಗಿ ಹಿಡದ್ರ ನಿಲ್ತೈತೇನು?"

"ಇಲ್ರಿ."

"ಉಚ್ಚಿ ವಾಸನಿ ಐತಿ?"

ಸುರೈಯಾ ತಲೆಯಾಡಿಸಿದಳು. ವಾಸನೆ ಇರಲಿಲ್ಲ. ಇಲ್ಲವೆಂಬುದು ನಿನ್ನೆಯೇ ಮೂಗಿಗೆ ತಿಳಿದಿತ್ತು, ಮನಸ್ಸಿಗೆ ತಿಳಿದಿರಲಿಲ್ಲ.

"ಅದು ಉಚ್ಚಿ ಅಲ್ಲ ಬೇ. ಕೂಸಿನ ಸುತ್ತ ಇದ್ದ ನೀರು."

ಆ ಗಳಿಗೆಯಲ್ಲಿ ಐದನೆಯ ಮಾತು ತಾನಾಗಿಯೇ, ಅದೇ ಏರಿಳಿತದಲ್ಲಿ, ಅವಳ ನಾಲಿಗೆಯ ಮೇಲೆ ಬಂದು ನಿಂತಿತು. ಊರ ಹೆಂಗಸರಿಗೆಲ್ಲ ಹಾಡಿ ಹಂಚಿದ ಮಾತು. ದೇವರು ಕಳಿಸಿದ ಗುರುತನ್ನು ಅವಳು ಇಪ್ಪತ್ತು ತಾಸು ಸಾಬೂನು ಹಚ್ಚಿ ತೊಳೆದಿದ್ದಳು. ನಿಲ್ಲಿಸು ಎಂದು ಅವನನ್ನೇ ಬೇಡಿದ್ದಳು. ಸುರೈಯಾ ಮುಖ ಎತ್ತಲಿಲ್ಲ.

ಅನುರಾಧಾ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾದಳು. ಬಹಳ ಹೊತ್ತಿನ ಮೇಲೆ ಕೂಸು ಒಮ್ಮೆ ಮಿಸುಕಿತು. ಅನುರಾಧಾ ಫೋನು ತೆಗೆದು ನೂರಾ ಎಂಟರ ಆಂಬುಲೆನ್ಸಿಗೆ ಹಚ್ಚಿದಳು.

"ಚಾಚಿ, ಕೂಸಿನ ಅರಿವಿ ಚೀಲಾ ತರ್ರಿ."

"ಎಲ್ಲೀ ಚೀಲಾ ಬಾಯಾರ? ಹುಟ್ಟೂಕ್ಕಿಂತ ಮೊದಲ ಅರಿವಿ ಕೂಡಿಸಿಟ್ರ ದೃಷ್ಟಿ ಆಕ್ಕೈತಿ ಅಂತ..." ಮಕ್ತುಮಬಿ ಮಾತು ಮುಗಿಸದೆಯೇ ಎದ್ದಳು. ತನ್ನ ಹಳೆಯ ನೂಲಿನ ಸೀರೆಯನ್ನು ಕೂಸಿನ ಬಟ್ಟೆಗೆಂದು ಪರಪರ ಹರಿಯತೊಡಗಿದಳು. ಚೀಲ ತಯಾರಿರಬೇಕೆಂದೂ ಸುರೈಯಾ ಸಭೆಯಲ್ಲಿ ಓದಿದ್ದಳು, ಇದೇ ಬಾಯಿಂದ.

ಗಾಡಿ ಬಂತು. ಮಕ್ತುಮಬಿ ಮುಂದೆ ಡ್ರೈವರನ ಬದಿಗೆ ಕೂತಳು. ಗಾಡಿ ವಿಜಯಪುರದ ಹಾದಿ ಹಿಡಿದು ಊರು ದಾಟುತ್ತಿದ್ದಂತೆ, ಹಿಂದೆ ಎಡಮಗ್ಗುಲಾಗಿ ಮಲಗಿದ್ದ ಸುರೈಯಾ ಅನುರಾಧಾಳ ಸೆರಗು ಹಿಡಿದಳು.

"ಅಕ್ಕಾರ, ದವಾಖಾನ್ಯಾಗ ಇವತ್ತ ಮುಂಜಾನಿಂದ ಅಂತ ಹೇಳ್ರಿ. ನಿನ್ನಿಂದ ಅನಬ್ಯಾಡ್ರಿ."

"ಯಾಕ?"

"ಊರಾಗ ಗೊತ್ತಾದ್ರ ನಾ ಹೆಂಗ ಮಾರಿ ತೋರಸ್ಲಿ? ಮಂದಿಗಿ ಹೇಳಾಕಿ ತಾನ ತಿಳಕೋಲಿಲ್ಲ ಅಂತಾರ. ನಿಮ್ಮ ಕಾಲ ಬೀಳ್ತೇನ್ರಿ. ಒಂದ ಮಾತು."

ಅನುರಾಧಾ ಸೆರಗು ಬಿಡಿಸಿಕೊಳ್ಳಲಿಲ್ಲ. ಬೈಯಲೂ ಇಲ್ಲ.

"ಎಷ್ಟು ತಾಸಾತು ಅನ್ನೂದು ನೋಡಿ ಔಷಧ ಕೊಡ್ತಾರ. ಒಳಗ ನಂಜ ಏರಿದ್ರ ಕೂಸಿಗಿ ಏರ್ತೈತಿ. ನಿನ್ನಿ ಸಂಜಿ ಅಂದ್ರ ನಿನ್ನಿ ಸಂಜೀನ. ಒಂದ ತಾಸೂ ಕಡಿಮಿ ಹೇಳೂದಿಲ್ಲ ನಾ. ಆಗೂದಿಲ್ಲ."